ಎರಡನೆಯ ಜಳಕ

ತನ್ನ ಜಳಕ ಯಾವ ಕೊಡಕ್ಕೆ ಮುಗಿಯಿತು, ಮಗಳ ಜಳಕ ಯಾವ ಕೊಡದಿಂದ ಸುರುವಾಯಿತು ಎಂಬುದು ಈ ಹೊತ್ತು ಗುರಣ್ಣನಿಗೆ ತಪ್ಪಿಹೋಯಿತು. ಒದ್ದೆ ಧೋತರದಲ್ಲಿ ಬಾವಿಯ ಕಟ್ಟೆಯ ಮೇಲೆ ನಿಂತು, ಹಗ್ಗ ಹಿಡಿದ ಕೈಯನ್ನು ಹಾಗೆಯೇ ಬಿಟ್ಟು, ಕೆಳಗಿನ ಕಪ್ಪು ನೀರು ನೋಡುತ್ತ ಯೋಚಿಸಿದ. ದಿನವೂ ಹೀಗಾಗುತ್ತಿರಲಿಲ್ಲ. ತನ್ನದು ಮುಗಿದ ಮೇಲೆ ಮೈ ಒರೆಸಿಕೊಂಡು, ಒಂದು ಗಳಿಗೆ ಸುಮ್ಮನೆ ನಿಂತು, ‘ಇನ್ನ ಹೀರಾಂದು’ ಎಂದು ಬಾಯಿಬಿಟ್ಟು ಹೇಳಿಯೇ ಮತ್ತೆ ಕೊಡ ಇಳಿಬಿಡುತ್ತಿದ್ದ. ಇಂದು ಒರೆಸಿಕೊಂಡೆನೋ ಇಲ್ಲವೋ ನೆನಪಿಲ್ಲ. ಮಧ್ಯಾಹ್ನದ ಮೋಟಾರಿಗೆ ಊರಿನಿಂದ ಮನೆಯ ಗುರುಗಳಾದ ಶಾಂತಲಿಂಗಯ್ಯನವರು ಬರುತ್ತಾರೆಂದು ನಿನ್ನೆ ಸಂಜೆ ಜೇವರಗಿಯ ಬಟ್ಟೆ ವ್ಯಾಪಾರಿಯೊಬ್ಬ ಸುದ್ದಿ ಮುಟ್ಟಿಸಿದಾಗಿನಿಂದ ಅವನ ತಲೆ ತಲೆಯಾಗಿ ಉಳಿದಿರಲಿಲ್ಲ. ಮಗಳ ಪಾಲಿನದನ್ನು ಅನುಮಾನದ ಮೇಲೆ ಬಿಡುವುದು ಹೇಗೆ ಎಂದು ಅವನು ಮತ್ತೆ ಮೊದಲಿನಿಂದ ತೊಡಗಿದ. ಮಾಘದ ಚಳಿಯಲ್ಲಿ ಆಳಂದದ ಬಾವಿಯ ನೀರು ಬೆನ್ನಿಗೆ ಬಿದ್ದಾಗ ಹಲ್ಲು ಕಟಕಟ ಎಂದವು.

“ಗೌಡ್ರ, ನಿಮಗೇನು ಎರಡು ಮೈ ಅದಾವೇನ್ರಿ? ದಿನಾ ಎರಡು ಜಳಕ ನೋಡ್ತಿದ್ದೆ, ಇವತ್ತ ಮೂರಾದವು,” ಎಂದಳು ಕರೀಮುನ್ನಿಸಾ. ಅಫಜಲಪುರದ ಹೆಂಗಸು. ದವಡೆಯ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದ ಗಂಡನೊಂದಿಗೆ ಇದೇ ದವಾಖಾನೆಯ ಪಡಸಾಲೆಯಲ್ಲಿ ಬೀಡುಬಿಟ್ಟಿದ್ದಳು. ಕೊಡ ಸೊಂಟಕ್ಕಿಟ್ಟು, ಅವನು ಇಳಿಯುವುದನ್ನೇ ಕಾಯುತ್ತ ನಿಂತಿದ್ದಳು.

“ಲೆಕ್ಕ ತಪ್ಪಿತು ಬೀಬಿ,” ಎಂದ ಗುರಣ್ಣ.

“ನಿಮೋನಿಯಾ ಆಗಿ ನೀವ ಮಲಗಿದ್ರ ಹುಡುಗಿನ್ನ ಯಾರ ನೋಡಬೇಕ್ರಿ? ನನಗ ಒಬ್ಬಾಂವ ಸಾಕಾಗ್ಯಾನ.”

ಬೇರೆ ಕಾಲವಾಗಿದ್ದರೆ, ಬೇರೆ ಊರಾಗಿದ್ದರೆ, ಗುರಣ್ಣನ ಮೈಯ ಸುದ್ದಿಯನ್ನು ಇನ್ನೊಬ್ಬರ ಮನೆಯ ಹೆಂಗಸು ಹೀಗೆ ಎತ್ತುವುದಿತ್ತೇ? ತನ್ನೂರು ಇಜೇರಿಯಲ್ಲಿ ಆತ ಗೌಡ. ನೀರು ಬೇಕು ಅನ್ನುವ ಮೊದಲು ತಂಬಿಗೆ ಎದುರಿಗೆ ಬಂದು ನಿಲ್ಲುತ್ತಿತ್ತು. ತನ್ನ ಚಪ್ಪಲಿ ಎಲ್ಲಿರುತ್ತವೆ ಎಂಬುದು ಕೂಡ ಅವನಿಗೆ ಗೊತ್ತಿರಲಿಲ್ಲ, ಕಾಲು ಚಾಚಿದಲ್ಲಿ ಅವು ಇರುತ್ತಿದ್ದವು. ಅಂಥವನು ಇಲ್ಲಿ ಮೂರು ಕಲ್ಲಿನ ಒಲೆಗೆ ಊದುತ್ತಾನೆ, ಮಗಳ ಲಂಗ ಒಗೆದು ಬೇವಿನ ಗಿಡಕ್ಕೆ ಹರವುತ್ತಾನೆ, ಅವಳು ಕಾರಿಕೊಂಡದ್ದನ್ನು ಬೂದಿ ಹಾಕಿ ಬಳಿಯುತ್ತಾನೆ. ಮೊದಲ ದಿನ ರೊಟ್ಟಿ ಬಡಿಯಲು ಕೂತು, ಹಿಟ್ಟು ಅಂಗೈಗೂ ನಾದುವ ಕಟ್ಟಿಗೆಯ ಕೊಣಮಿಗೆಗೂ ಅಂಟಿ, ಕಣ್ಣಲ್ಲಿ ನೀರು ಬಂದಾಗ ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು. ಕರೀಮುನ್ನಿಸಾ ಮಾತ್ರ ನಗಲಿಲ್ಲ. ತಾನು ಮುಟ್ಟಿದರೆ ಈ ಗೌಡ ಉಣ್ಣುವುದಿಲ್ಲ ಎಂದು ಅವಳಿಗೆ ಗೊತ್ತು. ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳು ತೋರಿಸಿ ತೋರಿಸಿ, ‘ನೀರು ಕಾಯಲಿ, ಈಗ ನಾದರಿ, ಇನ್ನಾ ನಾದರಿ’ ಎಂದು ಕಲಿಸಿಕೊಟ್ಟಳು. ಅವಳ ಕೈಯಿಂದ ಒಂದು ರೊಟ್ಟಿ ಇಸಿದುಕೊಂಡರೆ ಮುಗಿದುಹೋಗುತ್ತಿದ್ದ ಕೆಲಸವನ್ನು ಅವಳು ಬೆವರಿಳಿಸಿಕೊಂಡು ಕಲಿಸಿದ್ದಳು. ತಾನೂ ನಾಚದೆ ಕಲಿತಿದ್ದ. ಈಗ ನೆನೆದರೆ ನಾಚಿಕೆಯಾಗುತ್ತಿತ್ತು.

ದವಾಖಾನೆ ಊರಾಚೆ ಬೇವಿನ ಗಿಡಗಳ ನಡುವೆ ಇತ್ತು. ಮಿಶನ್ನಿನವರದು. ಹದಿನಾಲ್ಕರ ಹೀರಾಬಾಯಿಯ ಕೊರಳ ಎರಡೂ ಬದಿಗೆ ಎದ್ದ ಗಂಟುಗಳನ್ನು ಒತ್ತಿ ನೋಡಿ ದಾಕ್ತರರು ಕ್ಯಾನ್ಸರ್ ಎಂದರು. ಗುರಣ್ಣನಿಗೆ ಅದು ಯಾವನೋ ಗೋರಾ ಸಾಹೇಬನ ಹೆಸರಿನಂತೆ ಕೇಳಿಸಿತು. ಮುಂಬಯಿಯಿಂದ ರೇಡಿಯಂ ಎಂಬುದನ್ನು ತರಿಸಿದ್ದೇವೆ, ಕಂಡವರಿಗೆ ಸಿಗುವ ವಸ್ತುವಲ್ಲ ಅದು, ಲಡಾಯಿಯ ಕಾಲದಲ್ಲಂತೂ ಕೇಳಲೇಬೇಡಿ, ಈ ತಿಂಗಳು ಮುಗಿಯುವುದರೊಳಗೆ ವಾಪಸು ಕಳಿಸಬೇಕು, ಅಷ್ಟರಲ್ಲಿ ಇವಳದು ಪೂರ್ತಿ ಆಗಬೇಕು ಎಂದು ದಾಕ್ತರರು ಹೇಳಿದ್ದರು. ಸೂಜಿಯಷ್ಟು ಸಣ್ಣ ನಳಿಕೆಗಳಲ್ಲಿ ಅದನ್ನು ತುಂಬಿ, ಮೇಣದ ಪಟ್ಟಿಯೊಂದರಲ್ಲಿ ಹುದುಗಿಸಿ, ಆ ಪಟ್ಟಿಯನ್ನು ಬೆಳಿಗ್ಗೆ ಕೊರಳಿಗೆ ಕಟ್ಟಿದರೆ ಹೊತ್ತು ಇಳಿಯುವವರೆಗೆ ಅಲುಗಾಡದೆ ಕೂತಿರಬೇಕು. ಎರಡೇ ಕಟ್ಟಳೆ. ಕೊರಳಿಗೆ, ತಲೆಗೆ ಒಂದು ಹನಿ ನೀರು ತಾಗಕೂಡದು. ಹೊಟ್ಟೆ ಖಾಲಿ ಇರಕೂಡದು. ಉಪವಾಸದ ಮೈಗೆ ಪಟ್ಟಿ ಕಟ್ಟುವುದಿಲ್ಲ ಎಂದು ದಾಕ್ತರರು ಬೆರಳೆತ್ತಿ ಹೇಳಿದ್ದರು.

ಅವರಿಗೇನು ಗೊತ್ತು, ಈ ಎರಡು ಕಟ್ಟಳೆ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು? ಲಿಂಗ ಕಟ್ಟಿದ ಮನೆ. ತಲೆಯ ಮೇಲಿಂದ ನೀರು ಬೀಳದೆ ಜಳಕ ಅಲ್ಲ, ಜಳಕ ಇಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ತುತ್ತು ಇಲ್ಲ. ಇಜೇರಿಯ ಆ ಮನೆಯಲ್ಲಿ ಜ್ವರ ಬಂದವರಿಗೂ ಇದು ತಪ್ಪಿದ್ದಲ್ಲ. ಬೆಂಕಿಯಂಥ ಮೈಯಲ್ಲಿ ಸೊಸೆಗೆ ನೀರು ಹಾಕಿಸಿ ಪೂಜೆ ಮಾಡಿಸಿದ್ದಳು ಗುರಣ್ಣನ ತಾಯಿ ಶರಣಬಸಮ್ಮ. ಆ ಸೊಸೆ, ಹೀರಾಳ ತಾಯಿ, ಆ ಜ್ವರದಲ್ಲೇ ಹೋದಳು. ಜಳಕದಿಂದ ಹೋದಳು ಎಂದು ಯಾರೂ ಅನ್ನಲಿಲ್ಲ. ಗುರಣ್ಣನೂ ಅನ್ನಲಿಲ್ಲ, ಅಂದುಕೊಂಡನೋ ಇಲ್ಲವೋ ಅವನಿಗೇ ತಿಳಿಯದು. ಹಿಂಬಾಗಿಲಲ್ಲಿ ಹಂಡೆ ಖಾಲಿಯಾಗಿ ಬಿದ್ದಿದ್ದು, ಅದರ ತಳದಲ್ಲಿ ಬೇವಿನ ಎಲೆಯೊಂದು ಅಂಟಿಕೊಂಡಿದ್ದು ಮಾತ್ರ ಇನ್ನೂ ಕಣ್ಣ ಮುಂದಿದೆ. ಮೈ ಒರೆಸಿಕೊಳ್ಳುತ್ತ ಆತ ಆ ಎಲೆಯನ್ನೇ ನೋಡುತ್ತಿದ್ದ. ಕರೀಮುನ್ನಿಸಾ ಕೊಡ ತುಂಬಿಕೊಂಡು ಹೋದದ್ದು ತಿಳಿಯಲಿಲ್ಲ.

ಪಟ್ಟಿ ಕಟ್ಟುವ ಮೊದಲು ಕೊರಳ ದಾರ ತೆಗೆಯಬೇಕು ಎಂದು ನರ್ಸು ಸುಭದ್ರಾಬಾಯಿ ಅಂದ ದಿನ ಗುರಣ್ಣ ಎದ್ದು ನಿಂತುಬಿಟ್ಟ. ದೀಕ್ಷೆಯಾದಾಗಿನಿಂದ ಆ ಲಿಂಗ ಮಗಳ ಎದೆ ಬಿಟ್ಟು ಕದಲಿದ್ದಿಲ್ಲ. ಅವನು ತಡವರಿಸುತ್ತಿರುವಾಗಲೇ ಹೀರಾ ತಾನೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ನೆಲಕ್ಕೆ ತಾಗಿಸದೆ, ಕೈಯಿಂದ ಕೈಗೆ ಕೊಡದೆ, ಎಡತೋಳಿಗೆ ಮೂರು ಸುತ್ತು ಸುತ್ತಿ ಹಲ್ಲಿನಿಂದ ಗಂಟು ಬಿಗಿದಳು. ‘ತೋಳಾಗೂ ಕಟ್ಟತಾರಪ್ಪ, ಆಯಿ ಹೇಳ್ಯಾಳ’ ಎಂದಳು. ಅಜ್ಜಿ ಶರಣಬಸಮ್ಮನನ್ನು ಅವಳು ಆಯಿ ಎನ್ನುತ್ತಿದ್ದಳು. ಈ ಹುಡುಗಿಗೆ ಇಷ್ಟು ಎಲ್ಲಿಂದ ಬಂತು ಎಂದು ಗುರಣ್ಣನಿಗೆ ಅನ್ನಿಸಿತ್ತು. ತನ್ನಿಂದಂತೂ ಬಂದದ್ದಲ್ಲ. ಆದರೆ ಊಟದ ಮಾತು ಬಂದಾಗ ಅವಳು ಬಗ್ಗಲಿಲ್ಲ. ಒಂದು ದಿನ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ದಾಕ್ತರರು ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಗುರಣ್ಣನೂ ಉಣ್ಣಲಿಲ್ಲ. ಮಗಳು ಗೋಡೆಗೆ ಮುಖ ಮಾಡಿ ಮಲಗಿದಳು, ಅವನು ಅವಳ ಬೆನ್ನು ನೋಡುತ್ತ ಕೂತ. ಮೂರನೆಯ ದಿನ ಬೆಳಿಗ್ಗೆ, ಬಾವಿಯಿಂದ ಬರುತ್ತ ಬರುತ್ತ, ಒಂದು ಸುಳ್ಳು ಬಾಯಿಗೆ ಬಂದುಬಿಟ್ಟಿತು. ಹೀರಾ, ಅಯ್ಯಾರು ಅಪ್ಪಣಿ ಕಳಿಸ್ಯಾರ. ನಿನ್ನ ಹೆಸರ್ಲೆ ನಾ ಜಳಕ ಮಾಡಿದ್ರ ನಿನಗ ಮುಟ್ಟತದಂತ. ನೀ ಲಿಂಗ ಕೈಯಾಗ ಹಿಡಕೊಂಡು ಪೂಜಾ ಮಾಡಿ ಉಣಬಹುದಂತ. ಮಗಳು ಹೊರಳಿ ನೋಡಿ ಯಾರ ಕೈಲಿ ಹೇಳಿ ಕಳಿಸ್ಯಾರ ಅಂದಳು. ಹುಲೆಪ್ಪನ ಕೈಲಿ ಅಂದ. ಹುಲೆಪ್ಪ ಅವರ ಮನೆಯ ಬಂಡಿ ಹೊಡೆಯುವವನು. ಹುಡುಗಿ ಬಹಳ ಹೊತ್ತು ಅವನ ಒದ್ದೆ ಕೂದಲು ನೋಡಿದಳು. ಆಮೇಲೆ ಎದ್ದು ಕೂತು, ಪೂಜೆ ಮುಗಿಸಿ, ಗಂಗಾಳ ಹತ್ತಿರಕ್ಕೆ ಎಳೆದುಕೊಂಡಳು.

ಅಂದಿನಿಂದ ಎರಡು ಜಳಕ. ಆಡಿದ ಮೇಲೆ ಅದನ್ನು ಮಾಡದೆ ಬಿಡುವುದು ಹೇಗೆ? ಸುಳ್ಳೇ ಇರಲಿ, ಮಗಳು ಅದರ ಮೇಲೆ ಉಣ್ಣುತ್ತಿದ್ದಾಳೆ. ಮಡಿಯಲ್ಲಿ ನೀರು ಸೇದಿ, ಅವಳ ಹೆಸರು ಹೇಳಿ ಸುರಿದುಕೊಂಡರೆ ನೂರರಲ್ಲಿ ಒಂದು ಪಾಲಾದರೂ ನಿಜವಾದೀತು ಎಂಬ ಆಸೆ. ದೇವರೊಡನೆ ಚೌಕಾಶಿ ಮಾಡುವುದರಲ್ಲಿ ನಮ್ಮ ಗುರಣ್ಣ ಹತ್ತಿಯ ಅಡತಿ ವ್ಯಾಪಾರಿಗಳನ್ನು ಮೀರಿಸಿದ್ದ. ಆದರೆ ಈ ಹೊತ್ತು ಅಪ್ಪಣೆ ಕೊಟ್ಟವರೆಂದು ಹೇಳಿದ ಆ ಅಯ್ಯನವರೇ ಬರುತ್ತಿದ್ದಾರೆ. ಅವರಿಗೆ ಇದರ ಗಾಳಿಯೂ ಗೊತ್ತಿಲ್ಲ. ಅವರು ಮಂಚದ ಮುಂದೆ ನಿಂತು ಒಂದು ಮಾತು ಕೇಳಿದರೆ ಸಾಕು, ಹೀರಾ ಇಷ್ಟು ದಿನ ಉಂಡದ್ದೆಲ್ಲ ಅವಳ ಗಂಟಲಲ್ಲಿ ನಿಲ್ಲುತ್ತದೆ. ಮತ್ತೆ ಗೋಡೆಗೆ ಮುಖ. ಮತ್ತೆ ಪಟ್ಟಿ ಪೆಟ್ಟಿಗೆಯೊಳಗೆ. ಇಂದು ಬಿಟ್ಟರೆ ಉಳಿದದ್ದೇ ಎರಡು ದಿನ, ಆಮೇಲೆ ರೇಡಿಯಂ ಮುಂಬಯಿಗೆ ಹೊರಟುಹೋಗುತ್ತದೆ.

ಸುಭದ್ರಾಬಾಯಿ ಬಂದು ಪಟ್ಟಿ ಕಟ್ಟಿದಳು. ‘ಅಗ ಪೋರಿ, ಇವತ್ತ ಚೊಲೊ ಉಂಡೀಯಲ್ಲ?’ ಎಂದು ಕೇಳಿ ಗುರಣ್ಣನನ್ನು ಬಾಗಿಲ ಹತ್ತಿರದ ಸ್ಟೂಲಿಗೆ ಅಟ್ಟಿದಳು. ರೇಡಿಯಂ ಹತ್ತಿರ ಸುಮ್ಮನೆ ಕೂಡಬಾರದು, ಅದು ರೋಗ ಇದ್ದವರನ್ನೂ ಇಲ್ಲದವರನ್ನೂ ಬೇರೆ ಮಾಡಿ ನೋಡುವುದಿಲ್ಲ ಎಂದು ಅವಳು ದಿನವೂ ಹೇಳುತ್ತಿದ್ದಳು. ಸ್ಟೂಲಿನಿಂದ ಮಗಳು ಪೂರ್ತಿ ಕಾಣುತ್ತಿದ್ದಳು. ಮೇಣದ ಪಟ್ಟಿ ಗಲ್ಲವನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು. ಹಾಗಾಗಿ ಹೀರಾ ಎಲ್ಲರನ್ನೂ ತುಸು ಕೆಳಗಣ್ಣಿನಿಂದ ನೋಡುವಂತೆ, ಯಾವುದೋ ದರ್ಬಾರಿನಲ್ಲಿ ಕೂತವಳಂತೆ ಕಾಣಿಸುತ್ತಿದ್ದಳು. ಹಿಂದಲೆಯ ಕೂದಲು ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು. ಮೊದಲ ಸಲ ಬಾಚಣಿಕೆಯಲ್ಲಿ ಒಂದು ಹಿಡಿ ಕೂದಲು ಬಂದಾಗ ಗುರಣ್ಣ ಅದನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದ. ‘ತೋರಸಪ್ಪ, ನಂದಲಾ ಅದು’ ಎಂದು ಕೇಳಿ ಇಸಿದುಕೊಂಡು, ಬೆರಳಿಗೆ ಸುತ್ತಿ ನೋಡಿ, ‘ಆಯಿ ಎಷ್ಟ ಎಣ್ಣಿ ಸುರದಿದ್ಲು ಇದಕ್ಕ, ಎಲ್ಲಾ ದಂಡಾತು’ ಎಂದು ಹೀರಾ ನಕ್ಕುಬಿಟ್ಟಿದ್ದಳು. ನಗುವಾಗ ಗಂಟಲು ನೊಂದು ಕಣ್ಣು ಮುಚ್ಚಿಕೊಂಡಳು, ಆದರೂ ನಗು ನಿಲ್ಲಿಸಲಿಲ್ಲ. ಆ ನಗು ನೋಡಿ ಗುರಣ್ಣ ಹೊರಗೆ ಹೋಗಿ ಬೇವಿನ ಬೊಡ್ಡೆಗೆ ತಲೆ ಆನಿಸಿ ನಿಂತಿದ್ದ.

ಗಂಟು ಮೊದಲು ಕೈಗೆ ಹತ್ತಿದ್ದು ಅದೇ ಎಣ್ಣೆ ಹಚ್ಚುವಾಗ. ಶರಣಬಸಮ್ಮ ಕರೆದು ತೋರಿಸಿದ್ದಳು, ಅವನೂ ಮುಟ್ಟಿ ನೋಡಿದ್ದ. ಸಣ್ಣ ಅಡಿಕೆಯಷ್ಟು. ಮುಂದಿನ ವಾರ ಯಡ್ರಾಮಿಯಿಂದ ಹುಡುಗಿ ನೋಡಲು ಬರುವವರಿದ್ದರು. ಈಗ ಈ ಮಾತು ಎಬ್ಬಿಸಬ್ಯಾಡ ಬೇ, ನೋಡಿ ಹೋಗ್ಲಿ ಎಂದು ತಾಯಿಗೆ ಅಂದಿದ್ದ. ಬಂದವರ ಮುಂದೆ ಮಗಳು ಕೊರಳಿನ ಸುತ್ತ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಳು. ಹುಡುಗನ ತಾಯಿ ಸೆರಗು ಸರಿಸಿ ನೋಡಬೇಕೆಂದು ಕೈ ಚಾಚಿದಾಗ, ಗುರಣ್ಣ ಅಡ್ಡ ಮಾತು ತೆಗೆದು, ಬೆಲ್ಲದ ಮಾತೋ ಮಳೆಯ ಮಾತೋ ಆಡಿ, ಆ ಕೈ ಹಿಂದಕ್ಕೆ ಹೋಗುವಂತೆ ಮಾಡಿದ್ದ. ಆಗ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಿದ್ದ. ಒಂದು ಸುಗ್ಗಿ ಹೀಗೆಯೇ ಹೋಯಿತು. ಅಡಿಕೆ ಹೋಗಿ ನಿಂಬೆಹಣ್ಣಾಯಿತು. ಕೊನೆಗೆ ಸೆರಗಿನಲ್ಲಿ ಅಡಗದಾದಾಗ ಯಡ್ರಾಮಿಯವರು ಸುದ್ದಿ ಕೇಳುವುದನ್ನು ಬಿಟ್ಟರು. ಹೀರಾ ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಎತ್ತಿದ್ದರೆ, ಬೈದಿದ್ದರೆ, ಅತ್ತಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಅಪ್ಪಾ,” ಎಂದಳು ಹೀರಾ ಮಂಚದಿಂದ. ಬಾಯಿ ಪೂರ್ತಿ ತೆರೆಯಲು ಬಾರದೆ ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. “ಯಾಕ ಹಂಗ ಕಾಲು ಕುಣಸಾಕತ್ತಿ? ಮೋಟಾರಿಗೆ ಇನ್ನಾ ಹೊತ್ತದ.”

“ಏನಿಲ್ಲ ಬೇ. ಚಳಿ.”

“ಅಯ್ಯಾರಿಗೆ ಉಣ್ಣಾಕ ಏನ ಮಾಡ್ತಿ?”

ಅದೊಂದು ಚಿಂತೆ ಅವನಿಗೆ ಬಂದೇ ಇರಲಿಲ್ಲ. ಅಯ್ಯನವರು ಉಣ್ಣದೆ ಇದ್ದರೂ ಸರಿ, ಬಾಯಿ ತೆರೆಯದೆ ಇದ್ದರೆ ಸಾಕು ಎಂಬಂತಿತ್ತು ಅವನ ಸ್ಥಿತಿ. ನುಚ್ಚು ಮಾಡ್ತೇನಿ ಎಂದು ಹೇಳಿ ಎದ್ದ. ಒಲೆಯ ಮುಂದೆ ಕೂತಾಗ ಲೆಕ್ಕ ಹಾಕಿದ. ಮೋಟಾರು ನಿಲ್ಲುವಲ್ಲಿಗೆ ತಾನೇ ಹೋಗಬೇಕು. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಲ್ಲವನ್ನೂ ಹೇಳಿಬಿಡಬೇಕು. ಹೀಗಾಯ್ತು ಅಯ್ಯಾರ, ನಿಮ್ಮ ಹೆಸರು ಹೇಳೀನಿ, ಕೂಸು ಸಾಯತದಂತ ಹೇಳೀನಿ, ನೀವು ಅಲ್ಲಿ ಹೂಂ ಅಂದುಬಿಡ್ರಿ. ಮನಸ್ಸಿನಲ್ಲಿ ಅದು ಸಲೀಸಾಗಿ ಬಂತು. ಎರಡನೆಯ ಸಲ ಅಂದು ನೋಡಿದ, ಆಗಲೂ ಬಂತು. ಜೋಳದ ನುಚ್ಚು ಕುದಿಯಿತು, ಅವನು ಅದನ್ನು ಮರಿಗೆಗೆ ಬಸಿದು, ಹಾಲು ಕಾಸಿಟ್ಟು, ರುಮಾಲು ಸುತ್ತಿಕೊಂಡು ಹೊರಟ.

ಇದ್ದಿಲ ಹೊಗೆ ಉಗುಳುತ್ತ ಕಲಬುರ್ಗಿಯ ಮೋಟಾರು ಬಂದು ನಿಂತಿತು. ಶಾಂತಲಿಂಗಯ್ಯನವರು ಕೊನೆಗೆ ಇಳಿದರು. ವಯಸ್ಸಾದ ಜೀವ. ಇಜೇರಿಯಿಂದ ಬಂಡಿ, ನಡುವೆ ಭೀಮಾ ನದಿ, ಆಮೇಲೆ ಈ ಮೋಟಾರು. ಮುಖವೆಲ್ಲ ಮಸಿಯಾಗಿ, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಗುರಣ್ಣ ದಾರಿಯ ಧೂಳಿನಲ್ಲೇ ಅವರ ಪಾದಕ್ಕೆ ಹಣೆ ಹಚ್ಚಿ, ಕೈಯಲ್ಲಿದ್ದ ಗಂಟು ಇಸಿದುಕೊಂಡ.

“ನಿಮ್ಮವ್ವ ಒಂದ ಸಮನ ಹಟಾ ಹಿಡದಾಳಪ್ಪ, ಕೂಸಿನ್ನ ನೋಡಿಕೊಂಡು ಬರ್ರಿ ಅಂತ. ಹ್ಯಾಂಗದಾಳ ಹುಡುಗಿ?”

“ಅದಾಳ್ರಿ ಅಯ್ಯಾರ.”

“ನೋವು ಭಾಳೇನು?”

“ಭಾಳರಿ. ಆದ್ರ ತೋರಸಂಗಿಲ್ರಿ.”

ಈಗ ಹೇಳಬೇಕು ಎಂದುಕೊಂಡ. ಅಂಗಡಿ ಸಾಲು ದಾಟಲಿ ಎಂದುಕೊಂಡ. ದಾಟಿತು. ತುಸು ದೂರದಲ್ಲಿ ಯಾರೋ ಬರುತ್ತಿದ್ದಾರೆ, ಅವರು ಹೋಗಲಿ ಎಂದುಕೊಂಡ. ಹೋದರು. ಅಯ್ಯನವರು ನಿಧಾನ ನಡೆಯುತ್ತ, ಊರಲ್ಲಿ ಯಾರ ಮನೆಯ ಎತ್ತು ಸತ್ತಿತು, ಕೊಳಕೂರಿನಲ್ಲಿ ಯಾರ ಲಗ್ನವಾಯಿತು ಎಂದು ಹೇಳುತ್ತಿದ್ದರು. ಅವರ ದನಿಯಲ್ಲಿ ಗುರಣ್ಣನ ಬಾಲ್ಯವೇ ಇತ್ತು. ಲಿಂಗ ಕಟ್ಟಿದವರು, ಲಗ್ನ ಮಾಡಿಸಿದವರು, ಹೆಂಡತಿಯ ಸಮಾಧಿಯ ಮುಂದೆ ನಿಂತವರು. ಇಂಥವರ ಹೆಸರನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಒಂದು ಸುಳ್ಳಿಗೆ ಕಟ್ಟಿದೆನಲ್ಲ ಎಂದುಕೊಂಡು ಅವನು ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಅಯ್ಯಾರ ಎಂದು ಒಂದು ಸಲ ಅಂದ. ಅವರು ನಿಂತು ಏನಪ್ಪ ಎಂದರು. ಬಿಸಿಲು ಭಾಳಾತ್ರಿ, ಗಿಡದ ನೆಳ್ಳಿಗೆ ನಡೀರಿ ಎಂದ ಗುರಣ್ಣ. ಊರಿನಲ್ಲಿ ಹತ್ತು ಜನರ ವ್ಯಾಜ್ಯ ಒಂದು ಮಾತಿನಲ್ಲಿ ತೀರಿಸುವ ಗೌಡನಿಗೆ ಒಂದು ಸ್ವಂತದ ಮಾತು ಗಂಟಲು ದಾಟಲಿಲ್ಲ. ಮಾಘದ ಬಿಸಿಲು ಅಯ್ಯನವರ ಬೆನ್ನಿಗೆ ಹಿತವಾಗಿಯೇ ಇತ್ತು. ಅವರು ಅವನನ್ನು ವಿಚಿತ್ರವಾಗಿ ನೋಡಿ ನೆಳಲಿಗೆ ಸರಿದರು. ಅಷ್ಟರಲ್ಲಿ ದವಾಖಾನೆಯ ಕಟ್ಟೆ ಬಂದುಬಿಟ್ಟಿತು.

ಒಳಗೆ ಮಧ್ಯಾಹ್ನದ ಊಟದ ಹೊತ್ತು. ಹೊರಡುವಾಗ ಗುರಣ್ಣನೇ ನುಚ್ಚಿಗೆ ಹಾಲು ಕಲಸಿ ಬಟ್ಟಲನ್ನು ಹೀರಾಳ ತೊಡೆಯ ಮೇಲೆ ಇಟ್ಟು ಹೋಗಿದ್ದ. ಕಟ್ಟಿದ ಪಟ್ಟಿಯೊಳಗಿಂದ ಒಂದೊಂದು ತುತ್ತನ್ನೂ ಇಳಿಸಲು ಹುಡುಗಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಯ್ಯನವರನ್ನು ಕಂಡು ಅವಳು ತುತ್ತು ಬಟ್ಟಲಿಗೆ ಬಿಟ್ಟು ಕೈ ಜೋಡಿಸಿದಳು.

“ಶರಣ್ರಿ ಅಯ್ಯಾರ. ಬಗ್ಗಾಕ ಬರಂಗಿಲ್ರಿ ನನಗ. ಸಿಟ್ಟಾಗಬ್ಯಾಡ್ರಿ.”

“ಬಗ್ಗೂದು ಬ್ಯಾಡ ಮಗಾ,” ಎಂದರು ಅಯ್ಯನವರು. ಅವರ ಕಣ್ಣು ಮೇಣದ ಪಟ್ಟಿಯಿಂದ ಕೂದಲಿಲ್ಲದ ಹಿಂದಲೆಗೆ, ಅಲ್ಲಿಂದ ತೋಳಿಗೆ ಕಟ್ಟಿದ ಲಿಂಗಕ್ಕೆ ಹೋಯಿತು. ಆಮೇಲೆ ಬಟ್ಟಲು ನೋಡಿ, ಸುಮ್ಮನೆ ಕುಶಲ ಕೇಳುವವರಂತೆ ಕೇಳಿದರು, “ಜಳಕ, ಪೂಜಾ ಎಲ್ಲಾ ನಡದದೇನವ್ವ?”

“ಅಯ್ಯಾರ, ಅದು ಏನಂದ್ರ...” ಎಂದ ಗುರಣ್ಣ.

“ಜಳಕ ಇಲ್ರಿ,” ಎಂದಳು ಹೀರಾ. “ನೀರು ಹಚ್ಚಬಾರದಂತ ದಾಕ್ತರು ಹೇಳ್ಯಾರ. ಪೂಜಾ ಮಾಡ್ತೇನ್ರಿ, ಲಿಂಗ ಕೈಯಾಗ ಹಿಡಕೊಂಡು. ನನ್ನ ಜಳಕ ನಮ್ಮಪ್ಪ ಮಾಡ್ತಾನ್ರಿ. ದಿನಾ ಎರಡು ಮಾಡ್ತಾನ. ಒಂದು ತಂದು, ಒಂದು ನಂದು.”

“ನಿಂದು ಅವ ಮಾಡ್ತಾನ? ಹಂಗಂತ ಯಾರ ಹೇಳಿದ್ರು?”

ಮುಗಿಯಿತು ಎಂದುಕೊಂಡ ಗುರಣ್ಣ. ‘ನೀವ ಹೇಳಿ ಕಳಿಸೀರಲ್ರಿ’ ಎಂಬ ಮಾತು ಮಗಳ ಬಾಯಿಂದ ಬರುವುದನ್ನು ಕಾಯುತ್ತ, ಅವರ ಗಂಟನ್ನು ಎದೆಗೆ ಒತ್ತಿ ಹಿಡಿದು ನಿಂತ.

“ನಾನ ಹೇಳೇನ್ರಿ,” ಎಂದಳು ಹೀರಾ.

“ಅಪ್ಪಣಿ?”

“ಅಪ್ಪಣಿ ಯಾರೂ ಕೊಟ್ಟಿಲ್ರಿ. ಹಸಿವಿ ಆಗಿತ್ರಿ ಅಯ್ಯಾರ. ಅಪ್ಪನೂ ಉಂಡಿದ್ದಿಲ್ಲ.”

ಗುರಣ್ಣನಿಗೆ ಆಗ ಹೊಳೆಯಿತು. ಹುಲೆಪ್ಪ ತಂದೆ ಮಗಳನ್ನು ಇಲ್ಲಿ ಇಳಿಸಿ ಅಂದೇ ಸಂಜೆ ಬಂಡಿ ತಿರುಗಿಸಿದ್ದ. ನೀರು ತಾಗಿಸಬಾರದೆಂದು ದಾಕ್ತರರು ಹೇಳಿದ್ದು ಮರುದಿನ. ಇಜೇರಿಯನ್ನೇ ಇನ್ನೂ ಮುಟ್ಟಿರದ ಹುಲೆಪ್ಪ ಅಪ್ಪಣೆ ಎಲ್ಲಿಂದ ತಂದಾನು? ಯಾರ ಕೈಲಿ ಎಂದು ಹುಡುಗಿ ಕೇಳಿದ್ದು ಅದಕ್ಕೇ. ಒದ್ದೆ ಕೂದಲು ನೋಡುತ್ತ ಸುಮ್ಮನಿದ್ದದ್ದು ಅದಕ್ಕೇ. ಅಂದಿನಿಂದ ಇಂದಿನವರೆಗೆ, ಯಾವ ಅಪ್ಪಣೆಯೂ ಇಲ್ಲ ಎಂದು ಗೊತ್ತಿದ್ದೂ, ಅದರ ಭಾರವನ್ನು ಒಬ್ಬಳೇ ನುಂಗುತ್ತ, ತುತ್ತು ತುತ್ತಿಗೂ ನೊಂದ ಗಂಟಲಿನಿಂದ ಅವಳು ಉಂಡಿದ್ದಾಳೆ. ಇವನು ಬಾವಿಯಲ್ಲಿ ನಡುಗುತ್ತ ಮಗಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಎಷ್ಟು ದೊಡ್ಡವಳು ಇವಳು ಎಂದು ಗುರಣ್ಣನ ಎದೆ ತುಂಬಿ ಬಂತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಹೇಳಿಕೊಳ್ಳಲು ಕೂಡ ಸಂಕೋಚವಾಯಿತು.

ಅಯ್ಯನವರು ಮಂಚದ ಎದುರಿನ ಕಿಟಕಿಯ ಕಟ್ಟೆಗೆ ಕೈ ಊರಿ ನಿಂತರು. ಅವರು ಕೆಟ್ಟವರಲ್ಲ. ಇಷ್ಟು ದೂರ ಬಂದದ್ದೇ ಆ ಹುಡುಗಿಯ ಮೇಲಿನ ಮಮತೆಗೆ.

“ನಿನ್ನ ತಪ್ಪು ಅನ್ನಂಗಿಲ್ಲ ಮಗಾ, ಸಣ್ಣಾಕಿ ನೀ,” ಎಂದರು. “ಆದ್ರ ಗೊತ್ತಿದ್ದೂ ಹೂಂ ಅನ್ನಾಕ ನನಗೂ ಬರಂಗಿಲ್ಲ. ನಾ ಕಲಬುರ್ಗಿಗೆ ಹೋಗಿ ಮಠದ ಹಿರೇರನ್ನ ಕೇಳಿಕೊಂಡು ನಾಡದು ತಿರುಗಿ ಬರ್ತೇನಿ. ಅವರೇನ ಅಂತಾರ ಹಂಗ ಮಾಡೂಣು. ಅಲ್ಲೀತನ ತಡಿ. ಬಾಯಾಗ ಏನೂ ಹಾಕಬ್ಯಾಡ. ಎರಡ ದಿನದ ಮಾತು.”

ಎರಡು ದಿನ. ಅವರು ಪ್ರೀತಿಯಿಂದಲೇ ಹೇಳಿದ್ದರು. ಎರಡು ದಿನ ಉಣ್ಣದಿದ್ದರೆ ಎರಡು ದಿನ ಪಟ್ಟಿ ಇಲ್ಲ, ಆ ಎರಡು ದಿನದ ಆಚೆಗೆ ರೇಡಿಯಂ ಇಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಹೀರಾಳಿಗೆ ಗೊತ್ತಿತ್ತು. ಅವಳು ಬಟ್ಟಲಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಯಾರಿಗೂ ಹೇಳದೆ ಒಬ್ಬಳೇ ಪಾಪ ಹೊರುವುದು ಬೇರೆ, ಲಿಂಗ ಕಟ್ಟಿದ ಗುರು ಎದುರಿಗೆ ನಿಂತು ಬೇಡ ಅಂದದ್ದನ್ನು ಮಾಡುವುದು ಬೇರೆ. ಎಷ್ಟಾದರೂ ಹದಿನಾಲ್ಕು ವರ್ಷದ ಹುಡುಗಿ. ಅವಳ ಕೈ ಚಾದರದ ಮೇಲೆ ಮಗುಚಿ ಬಿತ್ತು. ಗಲ್ಲ ಮೇಲಕ್ಕೆ ಎತ್ತಿಕೊಂಡೇ ಇದ್ದುದರಿಂದ ಕಣ್ಣೀರು ಕಿವಿಯ ಕಡೆಗೆ ಹರಿಯಿತು.

ಗುರಣ್ಣ ಗಂಟನ್ನು ಕೆಳಗಿಟ್ಟ. ಮಂಚದ ಹತ್ತಿರ ಹೋಗಿ, ಅಯ್ಯನವರಿಗೆ ಬೆನ್ನು ಮಾಡಿ, ಮಗಳ ಪಕ್ಕದಲ್ಲಿ ಕೂತ. ಅಯ್ಯನವರಿಗೆ ಬೆನ್ನು ಮಾಡಿ ಆತ ಜನ್ಮದಲ್ಲಿ ಕೂತವನಲ್ಲ. ಬಟ್ಟಲು ಎತ್ತಿ, ಹಾಲಲ್ಲಿ ನುಚ್ಚನ್ನು ಬೆರಳಿನಿಂದ ನುಣ್ಣಗೆ ಮಿದ್ದು, ಒಂದು ಸಣ್ಣ ತುತ್ತು ಮಾಡಿದ.

“ಗುರಣ್ಣ,” ಎಂದರು ಅಯ್ಯನವರು ಹಿಂದಿನಿಂದ.

“ಹೌದ್ರಿ ಅಯ್ಯಾರ,” ಎಂದ ಗುರಣ್ಣ, ಹೊರಳಿ ನೋಡದೆ. ಮಾತು ಈಗ ಸಲೀಸಾಗಿ ಬಂತು. “ಅಕಿ ಹೇಳಿಲ್ರಿ. ನಿಮ್ಮ ಹೆಸರ್ಲೆ ಸುಳ್ಳು ಹೇಳಿದಾಂವ ನಾ. ಇವತ್ತೂ ಹೇಳ್ತೇನ್ರಿ. ನಾಳೀನೂ ಹೇಳ್ತೇನಿ. ನನ್ನ ಮ್ಯಾಲ ಏನ ಹಾಕ್ತೀರಿ ಹಾಕ್ರಿ, ಅಕಿ ಉಣ್ಣಲಿ.”

ಅಯ್ಯನವರು ಹೊರಟು ಹೋದರೋ, ನಿಂತೇ ಇದ್ದಾರೋ, ಮುಖ ಆಚೆ ತಿರುಗಿಸಿದ್ದಾರೋ ಗುರಣ್ಣನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅವನು ತಿರುಗಲೂ ಇಲ್ಲ. ಹೀರಾ ತಂದೆಯ ಮುಖವನ್ನು, ಹಿಂದೆಂದೂ ನೋಡಿರದವಳಂತೆ, ನೋಡುತ್ತಿದ್ದಳು.

“ತಗೋ ನನ್ನವ್ವ,” ಎಂದ.

ಅವಳು ತುಟಿ ಬಿಚ್ಚಿದಳು. ತುತ್ತು ಒಳಗೆ ಹೋಯಿತು. ನುಂಗುವಾಗ ಅವಳ ಮುಖವೆಲ್ಲ ಹಿಂಡಿದಂತಾಗಿ, ಮೇಣದ ಪಟ್ಟಿ ಒಂದಿಷ್ಟು ಮೇಲೆದ್ದು ಕೆಳಗಿಳಿಯಿತು. ಗುರಣ್ಣ ಬಟ್ಟಲಲ್ಲಿ ಮತ್ತೊಂದು ತುತ್ತು ಮಿದ್ದ. ಆಮೇಲೆ ಹೀರಾ ಇನ್ನೊಂದು ತುತ್ತಿಗೆ ಬಾಯಿ ತೆರೆದಳು.